ಗಂಗಾಂಬಿಕಾ ಕುಳಿತರೆ ನಿಲ್ಲುವ ಕಾರು

2 ಜೂನ್ 2014, ಸೋಮವಾರ

ಇಂದು ನಮ್ಮ ತೆಲಂಗಾಣ ರಾಜ್ಯ ಹುಟ್ಟಿತು. ನಾರಾಯಣಪೇಟೆಯ ತುಂಬ ಪಟಾಕಿ, ಡೋಲು, ಬಣ್ಣ. ಬೆಳಗ್ಗೆ ಬಾಗಿಲು ತೆರೆದರೆ ಎದುರು ಮನೆಯ ಎಂಕಪ್ಪ ಹೊಸ ಅಂಗಿ ಹಾಕಿಕೊಂಡು ನಿಂತಿದ್ದ. ಮೆರವಣಿಗೆಗೆ ನನ್ನ ಕಾರು ಬೇಕಂತೆ. ಊರಲ್ಲಿ ಹೊಸ ಕಾರುಗಳಿಗೇನು ಬರವಿಲ್ಲ. ಆದರೆ ಮೆರವಣಿಗೆಯ ಮುಂದೆ ಎತ್ತಿನಷ್ಟು ನಿಧಾನವಾಗಿ ಹೋಗುವ ಕಾರು ನಮ್ಮಲ್ಲಿ ಮಾತ್ರ ಇದೆ.

ಹದಿನಾರು ವರ್ಷದ ಬಿಳಿ ಡೀಸೆಲ್ ಕಾರು. ಬೆಳಗ್ಗೆ ಸ್ಟಾರ್ಟ್ ಆಗಲು ಹತ್ತು ನಿಮಿಷ ಬೇಕು. ಸ್ಟಾರ್ಟ್ ಆದಾಗ ಬಿಡುವ ಹೊಗೆಗೆ ಬಾಲಯ್ಯನ ಚಹಾದಂಗಡಿ ಕಾಣದಾಗುತ್ತದೆ. ಡೀಸೆಲ್ ಎಷ್ಟಿದೆ ಎಂದು ತೋರಿಸುವ ಮುಳ್ಳು ನನ್ನ ಮದುವೆಯ ವರ್ಷವೇ ಸತ್ತಿತು. ಮಗ್ಗದ ಹಳೆಯ ಬಿದಿರು ಕಡ್ಡಿಯೊಂದನ್ನು ಹೊರಡುವ ಮೊದಲು ಟ್ಯಾಂಕಿಗೆ ಇಳಿಸಿ ನೋಡಿಕೊಳ್ಳುತ್ತೇನೆ. ಇಷ್ಟಿದ್ದರೂ ಅದು ನನ್ನನ್ನು ಎಂದೂ ದಾರಿಯಲ್ಲಿ ಕೈಬಿಟ್ಟಿಲ್ಲ.

ಅವ್ವ ಅಮರಮ್ಮ ವಿಭೂತಿ ತಂದಳು. ಏನನ್ನಾದರೂ ಉಣ್ಣುವ ವಸ್ತು ಯಾವುದೇ ಇರಲಿ, ಅದರ ಬಾಯಿಗೆ ವಿಭೂತಿ ಹಚ್ಚುವುದು ನಮ್ಮ ಮನೆಯ ಪದ್ಧತಿ. ಒಲೆಗೆ, ಬೀಸುವ ಕಲ್ಲಿಗೆ, ಹಿಂದೆ ಇದ್ದ ಎಮ್ಮೆಗೆ ಕೂಡ ಹಚ್ಚುತ್ತಿದ್ದೆವು. ಎಮ್ಮೆ ನೆಕ್ಕಿ ಹಾಕುತ್ತಿತ್ತು.

"ಇದಕ್ಕ ಬಾಯಿ ಎಲ್ಲೈತೋ ಮಲ್ಲೇಶಾ?" ಎಂದಳು ಅವ್ವ. ಟ್ಯಾಂಕಿನ ಮುಚ್ಚಳ ತೋರಿಸಿದೆ. ನಾನೇ ವಿಭೂತಿ ಕಲಸಿ ಮೂರು ಬೆರಳಿಂದ ದಪ್ಪಗೆ ಎಳೆದೆ. ಇನ್ನು ಪ್ರತಿ ಸೋಮವಾರ ಹಚ್ಚುವುದೆಂದು ಅವ್ವನಿಗೆ ಮಾತು ಕೊಟ್ಟೆ.

"ಸಾಕ್ರಿ, ಕಾರಿಗೆ ಗಾರೆ ಮಾಡಾಕ ಹತ್ತೀರೇನು?" ಎಂದಳು ನನ್ನ ಹೆಂಡತಿ ಗಂಗಾಂಬಿಕಾ. ಅವಳಿಗೆ ಎಲ್ಲದಕ್ಕೂ ಒಂದು ಮಾತು ಇದ್ದೇ ಇರುತ್ತದೆ.

8 ಜೂನ್, ಭಾನುವಾರ

ಕೋಪದಲ್ಲಿ ಬರೆಯುತ್ತಿದ್ದೇನೆ, ಅಕ್ಷರ ನೆಟ್ಟಗಿಲ್ಲ. ಆದರೆ ತಪ್ಪು ನನ್ನದಲ್ಲ ಎಂಬುದು ಬರಹದಲ್ಲಿ ಇರಲಿ.

ಗದ್ವಾಲದಲ್ಲಿ ಗಂಗಾಂಬಿಕಾಳ ತಂಗಿ ಐಶ್ವರ್ಯಾಳ ಕುಬಸ. ಬಸುರಿ ಹುಡುಗಿಗೆ ಹಸಿರು ಸೀರೆ ಉಡಿಸುವ ದಿನ. ಕರೆಯಲು ಬಂದಿದ್ದ ಮಾವ ಕರಿಬಸಯ್ಯನವರೂ ನಮ್ಮ ಜೊತೆ ಕಾರಿನಲ್ಲೇ ಹೊರಟರು. ಮಕ್ತಲ್ ಇನ್ನೂ ಎರಡು ಕಿಲೋಮೀಟರ್ ಇರುವಾಗ, 'ಜೈ ತೆಲಂಗಾಣ' ಎಂದು ಬರೆದಿರುವ ದೊಡ್ಡ ಗುಂಡುಕಲ್ಲಿನ ಹತ್ತಿರ ಕಾರು ಎರಡು ಸಲ ಜಗ್ಗಿ ನಿಂತುಬಿಟ್ಟಿತು. ಶುಕ್ರವಾರವೂ ಇದೇ ಕಲ್ಲಿನ ಹತ್ತಿರ ನಿಂತಿತ್ತು. ಅವತ್ತೂ ಗಂಗಾಂಬಿಕಾ ಪಕ್ಕದಲ್ಲಿದ್ದಳು.

ಎಷ್ಟು ತಿರುವಿದರೂ ಸ್ಟಾರ್ಟ್ ಆಗಲಿಲ್ಲ. ಹಿಂದಿನಿಂದ ಬಂದ ಟಂಟಂ ಆಟೋ ನಿಂತಿತು. ಅದರಲ್ಲಿದ್ದ ಎಂಟು ಮಂದಿ ಇಳಿದು ಕೈಕಟ್ಟಿ ನೋಡತೊಡಗಿದರು. ಗಂಗಾಂಬಿಕಾ, ಮಾವ ಇಬ್ಬರೂ ಇಳಿದರು. ಡೀಸೆಲ್ ಮುಗಿಯಿತೇ ಎಂದು ನಾನು ಮುಚ್ಚಳ ತೆಗೆದೆ. ಕಾರು 'ಉಸ್ಸ್' ಎಂದಿತು. ಆ ಬಿಸಿಲಿಗೆ ಅದಕ್ಕೂ ಸಾಕಾಗಿರಬೇಕು. ಕಡ್ಡಿ ಇಳಿಸಿದರೆ ಅರ್ಧ ಟ್ಯಾಂಕ್ ಇತ್ತು. ಮತ್ತೆ ಕೂತು ಕೀಲಿ ತಿರುವಿದೆ. ಸ್ಟಾರ್ಟ್ ಆಯಿತು.

ಆಗ ನನ್ನ ಬಾಯಿಂದ ಬಂತು: "ನೋಡ್ರಿ, ಈಕಿ ಇಳದ ಕೂಡ್ಲೇ ಸ್ಟಾರ್ಟ್ ಆತು. ಈಕಿ ಕುಂತ್ರ ಗಾಡಿ ನಿಲ್ತೈತಿ."

ಟಂಟಂನವರು ನಕ್ಕರು. ಗಂಗಾಂಬಿಕಾ ನನ್ನನ್ನು ನೋಡಿದಳು. ಕುಬಸದ ಸೀರೆಯ ಚೀಲ ಎತ್ತಿಕೊಂಡು, ಗದ್ವಾಲದ ಕಡೆ ಹೊರಟಿದ್ದ ಬಸ್ಸಿಗೆ ಕೈ ಮಾಡಿ ಹತ್ತಿ ಹೋದಳು. ಮಾವನವರು ಮೆಟ್ಟಿಲ ಮೇಲೆ ಒಂದು ಕಾಲಿಟ್ಟು, "ಅಳಿಯಂದ್ರ, ಅಂದ ಮಾತು ನೀವ ಎತ್ತಿಕೋಬೇಕು," ಎಂದು ಹೇಳಿ ಅವಳ ಹಿಂದೆ ಹೋದರು.

ನಾನು ಕಾರು ತಿರುಗಿಸಿಕೊಂಡು ಬಂದೆ. ಅದು ಮನೆಯ ಬಾಗಿಲಿಗೆ ಬಂದು ತಾನೇ ನಿಂತಿತು. ಮನೆಯ ಗುರುತು ಹಿಡಿಯುವ ಜಾಣ ಗಾಡಿ.

10 ಜೂನ್, ಮಂಗಳವಾರ

ಅವಳು ಬಂದಿಲ್ಲ. ಫೋನ್ ಮಾಡಿದರೆ ಮಾವ ಎತ್ತಿ, "ನೇಯಾಕ ಹತ್ಯಾಳ್ರಿ," ಎನ್ನುತ್ತಾರೆ. ಬೆಳಗ್ಗೆಯೂ ನೇಯುತ್ತಿದ್ದಳು, ಮಧ್ಯಾಹ್ನವೂ ನೇಯುತ್ತಿದ್ದಳು. ಈ ಲೆಕ್ಕದಲ್ಲಿ ಗದ್ವಾಲ ಸೀರೆ ಇಷ್ಟು ಹೊತ್ತಿಗೆ ಕೃಷ್ಣಾ ನದಿ ದಾಟಿ ಬರಬೇಕಿತ್ತು.

ಕಾರನ್ನು ಮಕ್ತಲಿನ ಮೆಕ್ಯಾನಿಕ್ ಸಾಯಣ್ಣನಿಗೆ ತೋರಿಸಿದೆ. ಹೋಗುವಾಗ ಗುಂಡುಕಲ್ಲಿನ ಹತ್ತಿರ ಮತ್ತೆ ನಿಂತಿತ್ತು. ಒಬ್ಬನೇ ಇದ್ದೆ, ಅದು ನಿಜ. ಆದರೆ ಅವಳ ಬಳೆಯ ಚೂರೊಂದು ಸೀಟಿನ ಸಂದಿಯಲ್ಲಿ ಸಿಕ್ಕಿತು. ಒಳಗೆ ಅವಳದೇನೋ ಇತ್ತು ಎಂದಂತಾಯಿತಲ್ಲ.

ಸಾಯಣ್ಣ ಬಾನೆಟ್ ಎತ್ತಿ ಬೈದ. ಡೀಸೆಲ್ ಫಿಲ್ಟರಿನಲ್ಲಿ ಒಂದು ಲೋಟ ನೀರು. ನಾಲ್ಕು ಹೀಟರ್ ಪ್ಲಗ್‌ಗಳಲ್ಲಿ ಎರಡು ಸತ್ತಿದ್ದವು. ಬೆಳಗಿನ ಹತ್ತು ನಿಮಿಷದ ಗುಟ್ಟು ಅದು. ಏರ್ ಫಿಲ್ಟರ್ ತೆಗೆದರೆ ಒಳಗೆ ಹತ್ತಿಯ ಹಾಸಿಗೆ. ಕಾರನ್ನು ಮಗ್ಗದ ಕೋಣೆಯ ಪಕ್ಕದಲ್ಲೇ ನಿಲ್ಲಿಸುತ್ತೇನೆ, ವರ್ಷಗಟ್ಟಲೆ ನೂಲಿನ ಧೂಳು ಕುಡಿದಿದೆ.

"ಅಣ್ಣಾ, ಇದು ಬಂಡೀನೋ, ಗಾದೀನೋ?" ಎಂದ. ಎಲ್ಲ ಹೊಸದು ಹಾಕಿದ. ಈಗ ಒಂದೇ ತಿರುವಿಗೆ ಸ್ಟಾರ್ಟ್ ಆಗುತ್ತದೆ, ಹೊಗೆಯೂ ಇಲ್ಲ. ನನಗೆ ಬಹಳ ಸಂತೋಷವಾಯಿತು. ಹೇಳಿಕೊಳ್ಳಲು ಮನೆಯಲ್ಲಿ ಅವ್ವ ಮಾತ್ರ ಇದ್ದಳು, ಅವಳು ಕೇಳಿಸಿಕೊಳ್ಳದೆ ಮೆಂತ್ಯ ಸೊಪ್ಪು ಬಿಡಿಸುತ್ತಿದ್ದಳು.

12 ಜೂನ್, ಗುರುವಾರ

ಮತ್ತೆ ನಿಂತಿತು. ಅದೇ ಕಲ್ಲು.

15 ಜೂನ್, ಭಾನುವಾರ

ನಾನು ನೇಕಾರ. ಮಗ್ಗದಲ್ಲಿ ಎಳೆ ಕಡಿದರೆ ಕಣ್ಣು ಮುಚ್ಚಿ ಬೆರಳಿಟ್ಟು ತೋರಿಸುತ್ತೇನೆ. ಒಂದು ಕಾರು ನನಗೆ ಯಾವ ಲೆಕ್ಕ? ಕ್ರಮವಾಗಿ ಪರೀಕ್ಷೆ ಶುರು ಮಾಡಿದ್ದೇನೆ.

ಗಂಗಾಂಬಿಕಾಳ ತೂಕ ಐವತ್ತೆಂಟು ಕಿಲೋ. ಐವತ್ತೆಂಟು ಕಿಲೋ ಸೀರೆ ಕಟ್ಟಿ ಅವಳ ಸೀಟಿನಲ್ಲಿಟ್ಟೆ. ಅವ್ವ ಬಾಗಿಲಲ್ಲಿ ನಿಂತು, "ಸೊಸಿ ಇಷ್ಟ ದಪ್ಪ ಇದ್ದಿಲ್ಲಪ್ಪ," ಎಂದಳು. ಹೌದು, ಗಂಟು ದಪ್ಪವಾಗಿ ಕಾಣುತ್ತಿತ್ತು. ಬೀಳದಿರಲೆಂದು ಹಗ್ಗ ಸುತ್ತಿ ಕಟ್ಟಿದೆ.

ಗುಂಡುಕಲ್ಲಿನ ಹತ್ತಿರ ನಿಂತಿತು. ಗಂಟನ್ನು ಕೆಳಗಿಳಿಸಿದೆ, ಕಡ್ಡಿ ಹಾಕಿ ಡೀಸೆಲ್ ನೋಡಿದೆ, ಕೀಲಿ ತಿರುವಿದೆ. ಸ್ಟಾರ್ಟ್!

ಗಂಟು ಬಿಚ್ಚಿ ನೋಡಿದರೆ ನಡುವೆ ಮಾವನ ಮಗ್ಗದ ಎರಡು ಗದ್ವಾಲ ಸೀರೆಗಳಿದ್ದವು. ಕಾರಣ ಗೊತ್ತಾಯಿತು, ಅವಳ ತವರಿನ ಸೀರೆ. ವಾಪಸು ಬಂದು, ಬರೀ ನಾರಾಯಣಪೇಟೆ ಸೀರೆ ಕಟ್ಟಿಕೊಂಡು ಸಂಜೆ ಮತ್ತೆ ಹೋದೆ. ಆಗಲೂ ನಿಂತಿತು. ಈ ಫಲಿತಾಂಶದ ಅರ್ಥವನ್ನು ಇನ್ನೂ ಯೋಚಿಸಬೇಕು. ಸೀರೆಯ ಗಂಟಿಗೆ ದಾರಿಯಲ್ಲಿ ಎರಡು ಸಲ, "ಬಿಸಿಲು ಬೀಳ್ತೈತೇನು?" ಎಂದು ಕೇಳಿದೆ. ಯಾಕೆ ಕೇಳಿದೆನೋ ಗೊತ್ತಿಲ್ಲ.

17 ಜೂನ್, ಮಂಗಳವಾರ

ಇಂದು ಎಂಕಪ್ಪನನ್ನು ಕೂಡಿಸಿಕೊಂಡು ಹೋದೆ. ಮಕ್ತಲಿನಲ್ಲಿ ಅವನಿಗೆ ಕೆಲಸವಿತ್ತು, ಖುಷಿಯಿಂದ ಬಂದ. ಕಲ್ಲಿನ ಹತ್ತಿರ ಕಾರು ನಿಂತಿತು. ಅವನು ಇಳಿದ, ನಾನು ಕಡ್ಡಿ ಹಾಕಿ ನೋಡಿದೆ, ಸ್ಟಾರ್ಟ್ ಆಯಿತು.

"ನೀನೂ ಹಂಗ ಅದಿ ಬಿಡು," ಎಂದೆ.

"ಹಂಗ ಅಂದ್ರ?"

"ಗಂಗಾಂಬಿಕಾನಂಗ. ಕುಂತ್ರ ಗಾಡಿ ನಿಲ್ತೈತಿ."

"ನಲವತ್ತು ವರ್ಷದಿಂದ ಎದುರಿಗಿ ಅದೀನಿ, ನಿನ್ನ ಮನಿ ನಿಂತೈತೇನೋ?" ಎಂದು ಉಳಿದ ಎರಡು ಕಿಲೋಮೀಟರ್ ನಡೆದುಕೊಂಡು ಹೋದ. ಕಾರನ್ನು ಅವನ ಪಕ್ಕದಲ್ಲೇ ನಿಧಾನ ಓಡಿಸುತ್ತ, ಹತ್ತು ಹತ್ತು ಎಂದು ಕರೆದೆ. ತಿರುಗಿಯೂ ನೋಡಲಿಲ್ಲ.

18 ಜೂನ್, ಬುಧವಾರ

ಎಂಕಪ್ಪ ತನ್ನ ಕಟ್ಟೆಯ ಮೇಲೆ ಬೆನ್ನು ಈ ಕಡೆ ಮಾಡಿ ಕೂತಿದ್ದಾನೆ. ರೊಟ್ಟಿ ಗಟ್ಟಿಯಾಗಿತ್ತು. ಅವ್ವನ ಕೈ ನಡುಗುತ್ತದೆಂದು ಇಷ್ಟು ದಿನ ನನಗೆ ಗೊತ್ತೇ ಇರಲಿಲ್ಲ. ಗಂಗಾಂಬಿಕಾ ರೊಟ್ಟಿ ಬಡಿಯುತ್ತಿದ್ದಳು.

22 ಜೂನ್, ಭಾನುವಾರ

ವಿಷಯ ಊರಿಗೆಲ್ಲ ಹಬ್ಬಿದೆ. ಬಾಲಯ್ಯ ಚಹಾ ಕೊಡುತ್ತ, "ನಮ್ಮ ಅಳಿಯ ನಾಳಿ ಹೊಂಟಾನ್ರಿ, ಇನ್ನೆರಡು ದಿನ ಇರ್ಲಿ ಅಂತ ನಮ್ಮಾಕಿಗಿ ಆಸಿ. ನಿಮ್ಮ ಕಾರಿನ್ಯಾಗ ಕಳಸ್ತೀರೇನು?" ಎಂದ. ಅವನು ಚೇಷ್ಟೆ ಮಾಡಿದನೋ ನಿಜವಾಗಿ ಕೇಳಿದನೋ ತಿಳಿಯಲಿಲ್ಲ.

ಅಂಗಡಿಯಲ್ಲಿ ಕೂತವರು ಸೇರಿ ಕಾರಣ ಹುಡುಕಿದ್ದಾರೆ. ಕಾರು ನಿಲ್ಲತೊಡಗಿದ್ದು ರಾಜ್ಯ ಬಂದ ವಾರದಿಂದ. ನಂಬರ್ ಪ್ಲೇಟಿನ ಮೇಲೆ ಇನ್ನೂ ಹಳೆಯ ರಾಜ್ಯದ 'ಎಪಿ' ಇದೆ. ತಾನು ಯಾವ ರಾಜ್ಯದಲ್ಲಿದ್ದೇನೆಂದು ತಿಳಿಯದೆ ಕಾರು ನಿಲ್ಲುತ್ತದೆ. ಅದರಲ್ಲೂ ಎಲ್ಲಿ ನಿಲ್ಲುತ್ತದೆ? 'ಜೈ ತೆಲಂಗಾಣ' ಎಂದು ಓದಿದ ಕೂಡಲೇ.

ನಾನು ಓದಿದವನು, ಇಂಥದ್ದನ್ನೆಲ್ಲ ನಂಬುವುದಿಲ್ಲ. ಆದರೂ ಪರೀಕ್ಷೆ ಎಂದ ಮೇಲೆ ಯಾವುದನ್ನೂ ಬಿಡಬಾರದು. 'ಎಪಿ' ಮೇಲೆ ಬಿಳಿ ಕಾಗದ ಅಂಟಿಸಿ ಹೋದೆ. ಕಲ್ಲು ಬಂತು. ನಿಂತಿತು. ನಾನು ಕಾರಿನಿಂದ ಇಳಿಯದೆ ಬಹಳ ಹೊತ್ತು ಕೂತಿದ್ದೆ. ಪಕ್ಕದ ಸೀಟು ನೋಡಲು ಮನಸ್ಸಾಗಲಿಲ್ಲ.

24 ಜೂನ್, ಮಂಗಳವಾರ

ಸಿಕ್ಕಿತು!

ಸಾಯಣ್ಣ ಬೆಳಗ್ಗೆ ಬಸ್ಸಿನಲ್ಲಿ ನಾರಾಯಣಪೇಟೆಗೇ ಬಂದ. "ನಿಂತ ಬಂಡಿ ನೋಡಿ ನೋಡಿ ಸಾಕಾತು. ನಿಲ್ಲೋ ಹೊತ್ನ್ಯಾಗ ನೋಡ್ತೀನಿ," ಎಂದು ಪಕ್ಕದಲ್ಲಿ ಕೂತ. ಕಲ್ಲಿನ ಹತ್ತಿರ ಕಾರು ಜಗ್ಗಿ ನಿಂತಿತು. ನಾನು ಬಾಗಿಲಿಗೆ ಕೈ ಹಾಕಿದೆ.

"ಆಗಂಡಿ!" ಎಂದು ಕೂಗಿದ. ಅವಸರ ಬಿದ್ದರೆ ಅವನಿಗೆ 'ನಿಲ್ಲಿರಿ' ಎನ್ನಲೂ ತೆಲುಗೇ ಬರುತ್ತದೆ. "ಪ್ರತಿ ಸಲ ಏನೇನು ಮಾಡ್ತೀರಿ, ಒಂದೊಂದ ಮಾಡ್ರಿ. ಒಂದು ಮಾಡಿದ ಮ್ಯಾಲ ಒಮ್ಮಿ ಸ್ಟಾರ್ಟ್ ಹೊಡದು ನೋಡೋಣು."

ಮೊದಲು ನಾನು ಕಾರಿಗೆ ಬೈಯುತ್ತೇನೆ. ಬೈದೆ. ಆಗಲಿಲ್ಲ. ಆಮೇಲೆ ಟವೆಲಿನಿಂದ ಮುಖ ಒರೆಸಿಕೊಳ್ಳುತ್ತೇನೆ. ಒರೆಸಿಕೊಂಡೆ. ಆಗಲಿಲ್ಲ. ಆಮೇಲೆ ಪಕ್ಕದಲ್ಲಿ ಕೂತವರು ಇಳಿಯುತ್ತಾರೆ. ಸಾಯಣ್ಣ ಇಳಿದ. ನಾನು ಧೈರ್ಯದಿಂದ ಕೀಲಿ ತಿರುವಿದೆ.

ಆಗಲಿಲ್ಲ.

ಇನ್ನೊಮ್ಮೆ ತಿರುವಿದೆ. ಅವನು ಹತ್ತು ಹೆಜ್ಜೆ ದೂರ ಹೋಗಿ ನಿಂತ, ಆಗಲೂ ಆಗಲಿಲ್ಲ. ಹದಿನಾರು ದಿನದಿಂದ ನಾನು ಹಿಡಿದುಕೊಂಡು ತಿರುಗಿದ ಮಾತು ಅಲ್ಲೇ ರಸ್ತೆಯ ಮೇಲೆ ಸತ್ತುಬಿತ್ತು.

"ಇನ್ನೇನು ಮಾಡ್ತೀರಿ?"

"ಡೀಸೆಲ್ ನೋಡ್ತೀನಿ," ಎಂದು ಮುಚ್ಚಳ ತಿರುವಿದೆ. 'ಉಸ್ಸ್' ಎಂದಿತು.

"ಅದೇನ್ರಿ ಸಪ್ಪಳ?"

"ಅದಾ? ಯಾವಾಗ್ಲೂ ಅಂತೈತಿ. ದಣದಿರ್ತೈತಲ್ಲ."

ಸಾಯಣ್ಣ ನನ್ನ ಮುಖವನ್ನು ನೋಡಿದ ರೀತಿ ನಾನು ಬದುಕಿರುವವರೆಗೆ ಮರೆಯುವುದಿಲ್ಲ. ಮುಚ್ಚಳ ಕಸಿದುಕೊಂಡು ಉಗುರಿನಿಂದ ಕೆರೆದ. ಬಿಳಿ ಹೆಕ್ಕಳಿಕೆ ಎದ್ದು ಬಂತು. ಅದರ ಕೆಳಗೆ ಸೂಜಿ ಹೋಗುವಷ್ಟು ಸಣ್ಣ ತೂತು, ಒಳಗೆಲ್ಲ ವಿಭೂತಿ ಗಟ್ಟಿಯಾಗಿ ಕೂತಿತ್ತು. ಡೀಸೆಲ್ ಎಂಜಿನ್ನಿಗೆ ಹೋದ ಹಾಗೆ ಆ ತೂತಿನಿಂದ ಟ್ಯಾಂಕಿಗೆ ಗಾಳಿ ಬರಬೇಕಂತೆ. ತೂತು ಮುಚ್ಚಿದರೆ ಮೂವತ್ತು ಕಿಲೋಮೀಟರಿಗೆ ಟ್ಯಾಂಕಿನ ಉಸಿರು ಕಟ್ಟುತ್ತದೆ, ಎಂಜಿನ್ನಿಗೆ ಡೀಸೆಲ್ ಬರುವುದಿಲ್ಲ. ಮುಚ್ಚಳ ತೆಗೆದರೆ ಗಾಳಿ ನುಗ್ಗಿ ಸರಿಹೋಗುತ್ತದೆ. ನಾರಾಯಣಪೇಟೆಯಿಂದ ಮೂವತ್ತು ಕಿಲೋಮೀಟರಿಗೆ ಆ ಕಲ್ಲಿದೆ, ಅಷ್ಟೇ. ಪ್ರತಿ ಸಲ ಕಾರನ್ನು ಸರಿ ಮಾಡಿದ್ದು ನಾನೇ. ಪ್ರತಿ ಸೋಮವಾರ ಕೆಡಿಸಿದ್ದೂ ನಾನೇ.

ಸಾಯಣ್ಣ ರಸ್ತೆಯ ಬದಿಯಲ್ಲಿ ಕೂತು ನಕ್ಕ. ನಾನೂ ನಕ್ಕೆ. ಈಗ ಗಂಗಾಂಬಿಕಾಳಿಗೆ ತೋರಿಸಲು ನನ್ನ ಕೈಯಲ್ಲಿ ಸಾಕ್ಷಿ ಇದೆ!

25 ಜೂನ್, ಬುಧವಾರ

ಅವ್ವನಿಗೆ ಹೇಳಿದೆ. ವಿಭೂತಿಗೆ ಅಪವಾದ ಹೊರಿಸುತ್ತೀಯಾ ಎಂದು ಸಿಟ್ಟಾದಳು. ತೂತು ತೋರಿಸಿದ ಮೇಲೆ ಅದನ್ನು ಕಣ್ಣಿಗೆ ಹಿಡಿದು ನೋಡಿ, "ಹಂಗಾದ್ರ ನಿನ್ನ ಬಾಯಿಗಿ ಹಚ್ಚಬೇಕಿತ್ತು," ಎಂದಳು.

26 ಜೂನ್, ಗುರುವಾರ

ಮುಚ್ಚಳವನ್ನು ಸೂಜಿಯಿಂದ ಶುದ್ಧ ಮಾಡಿ ಗದ್ವಾಲಕ್ಕೆ ಹೊರಟೆ. ಗುಂಡುಕಲ್ಲು ದಾಟಿತು, ಮಕ್ತಲ್ ದಾಟಿತು, ಜೂರಾಲಾ ಅಣೆಕಟ್ಟೆ ದಾಟಿತು. ಹಾಡಿಕೊಂಡು ಹೋದೆ.

ಮಾವನವರ ಮನೆಯ ಮುಂದೆ ನಿಂತು ಓಣಿಯವರನ್ನೆಲ್ಲ ಕರೆದೆ. ಮಾವ ಮಗ್ಗದ ಗುಂಡಿಯಿಂದ ಎದ್ದು ಬಂದರು. ಗಂಗಾಂಬಿಕಾ ಕೈಯಲ್ಲಿ ಲಾಳಿ ಹಿಡಿದುಕೊಂಡೇ ಬಾಗಿಲಲ್ಲಿ ನಿಂತಳು. ತೆಳ್ಳಗಾಗಿದ್ದಳು, ಐವತ್ತೆಂಟು ಕಿಲೋ ಇರಲಿಕ್ಕಿಲ್ಲ. ನಾನು ಮುಚ್ಚಳ ಎತ್ತಿ ಹಿಡಿದು ಎಲ್ಲವನ್ನೂ ವಿವರಿಸಿದೆ. ನಂಬದವರು ಊದಿ ನೋಡಬಹುದೆಂದೆ. ಆರು ಮಂದಿ ಮುಚ್ಚಳಕ್ಕೆ ಬಾಯಿ ಹಚ್ಚಿ ಊದಿದರು. ಮಾವನವರೂ ಊದಿ, "ಗಾಳಿ ಹೋಗ್ತೈತಿ," ಎಂದು ಒಪ್ಪಿಕೊಂಡು ಮೀಸೆಯ ಡೀಸೆಲ್ ಒರೆಸಿಕೊಂಡರು.

"ಕೇಳಿದ್ಯಾ? ನಿನ್ನ ತಪ್ಪು ಅಲ್ಲ ಅಂತ ಸಾಬೀತ ಆತು. ನಡಿ," ಎಂದೆ.

ಗಂಗಾಂಬಿಕಾ ಮುಚ್ಚಳ ತೆಗೆದುಕೊಂಡು ತಿರುಗಿಸಿ ನೋಡಿದಳು. ನನ್ನ ಕೈಗೇ ಕೊಟ್ಟಳು.

"ಆ ತೂತಿನ್ಯಾಗ ವಿಭೂತಿ ಸಿಗಲಿಲ್ಲ ಅಂದ್ರ ನಾ ಏನಾಗಿರ್ತಿದ್ದೆರೀ?"

ನಾನು ಮತ್ತೆ ಮುಚ್ಚಳ ಎತ್ತಿ ತೂತು ತೋರಿಸಿದೆ.

"ಕಾರು ಯಾಕ ನಿಂತು ಅಂತ ನಾ ಕೇಳಿಲ್ಲ. ನೀವ್ ಯಾಕ ಅಂದ್ರಿ ಅಂತ ಕೇಳೀನಿ," ಎಂದು ಒಳಗೆ ಹೋದಳು. ಸ್ವಲ್ಪ ಹೊತ್ತಿಗೆ ಮಗ್ಗದ ಸದ್ದು ಕೇಳಿತು.

ಒಬ್ಬನೇ ವಾಪಸು ಬಂದೆ. ಇಷ್ಟು ದಿನ ನಿಲ್ಲಬೇಡ ಎಂದು ಬೇಡಿಕೊಂಡರೆ ನಿಲ್ಲುತ್ತಿತ್ತು. ಇಂದು ಎಲ್ಲಾದರೂ ನಿಲ್ಲಲಿ, ಇನ್ನೊಂದಿಷ್ಟು ಹೊತ್ತು ದಾರಿಯಲ್ಲೇ ಇರೋಣ ಎನಿಸಿದರೆ, ಎಪ್ಪತ್ತೈದು ಕಿಲೋಮೀಟರ್ ಒಮ್ಮೆಯೂ ಕೆಮ್ಮದೆ ಮನೆಗೆ ತಂದುಬಿಟ್ಟಿತು.

27 ಜೂನ್, ಶುಕ್ರವಾರ

ಅವಳು ಕೇಳಿದ್ದಕ್ಕೆ ಉತ್ತರ ಬರೆಯಲು ಕೂತೆ. ಬರಲಿಲ್ಲ.

30 ಜೂನ್, ಸೋಮವಾರ

ಎಂಕಪ್ಪನ ಕಟ್ಟೆಗೆ ಹೋದೆ. ಮುಚ್ಚಳ ಜೇಬಿನಲ್ಲಿತ್ತು, ತೆಗೆಯಲಿಲ್ಲ.

"ನಿನಗ ಹಂಗ ಅಂದಿದ್ದು ತಪ್ಪಾತೋ," ಎಂದೆ.

"ಕಾರಿನ್ಯಾಗ ಏನೋ ಸಿಕ್ತಂತಲ್ಲ. ಅದಕ್ಕ ಬಂದಿ."

"ಸಿಗದಿದ್ರೂ ತಪ್ಪ."

ಅವನು ಅಡಿಕೆ ಕತ್ತರಿಸಿದ. ಆಮೇಲೆ ಒಂದು ಚೂರು ನನಗೂ ಕೊಟ್ಟ. ಹಲ್ಲು ನೋಯುತ್ತಿತ್ತು, ಆದರೂ ತಿಂದೆ.

2 ಜುಲೈ, ಬುಧವಾರ

ಬಸ್ಸಿನಲ್ಲಿ ಗದ್ವಾಲಕ್ಕೆ ಹೋದೆ. ಕಾರು ಚೆನ್ನಾಗಿಯೇ ಇದೆ, ಅದಕ್ಕೇನೂ ಆಗಿಲ್ಲ. ಆದರೆ ಅದನ್ನು ಒಯ್ದರೆ ಮತ್ತೆ ಅದರದೇ ಮಾತು ಬರುತ್ತಿತ್ತು.

ಮಾವ, ಮಗಳು ಇಬ್ಬರೂ ಮಗ್ಗದಲ್ಲಿದ್ದರು. ನಿಂತುಕೊಂಡೇ ಹೇಳಿದೆ. "ಅವತ್ತ ಟಂಟಂನವ್ರು ಎಲ್ಲಾರೂ ನನ್ನ ನೋಡಾಕ ಹತ್ತಿದ್ರು. ಹಳೀ ಕಾರು, ದಾರ್ಯಾಗ ನಿಂತೈತಿ, ಸುರು ಮಾಡಾಕ ಬರವಲ್ದು. ನನಗ ನಾಚಿಕಿ ಆತು. ಆ ನಾಚಿಕಿ ಎತ್ತಿ ನಿನ್ನ ತಲಿಮ್ಯಾಲ ಇಟ್ಟೆ. ತಪ್ಪಾತು ಗಂಗಾ."

ಮಾವನವರ ಕೈಯಲ್ಲಿ ಲಾಳಿ ನಿಂತಿತು. ಗಂಗಾಂಬಿಕಾ ಕಡಿದಿದ್ದ ಎಳೆಯೊಂದನ್ನು ಕಟ್ಟಿ ಮುಗಿಸಿದ ಮೇಲೆ ಕೇಳಿದಳು, "ಕಾರು ಎಲ್ಲಿ?"

"ಮನ್ಯಾಗ."

"ಮತ್ತ ಕೆಟ್ಟೈತೇನು?"

"ಇಲ್ಲ."

ಅವಳು ಎದ್ದು ಒಳಗೆ ಹೋದಳು. ಮುಗಿಯಿತು ಎಂದುಕೊಂಡೆ. ಕಾಲು ಗಂಟೆಗೆ ಚೀಲ ಹಿಡಿದು ಹೊರಗೆ ಬಂದಳು. ಬಸ್ ನಿಲ್ದಾಣದವರೆಗೆ ನನಗಿಂತ ನಾಲ್ಕು ಹೆಜ್ಜೆ ಮುಂದೆ ನಡೆದಳು. ಚೀಲ ಕೊಡು ಎಂದರೂ ಕೊಡಲಿಲ್ಲ. ಬಸ್ಸಿನಲ್ಲಿ ಕಿಟಕಿಯ ಕಡೆ ಮುಖ ಮಾಡಿ ಕೂತಳು.

ಜೂರಾಲಾ ದಾಟಿ ಒಂದು ಹಳ್ಳಿಯಲ್ಲಿ ಪೊರಕೆಯ ಹೊರೆ ಹೊತ್ತ ಮುದುಕಿಯೊಬ್ಬಳು ಹತ್ತಿದಳು. ಬಸ್ಸು ಒಂದು ಫರ್ಲಾಂಗ್ ಹೋಗಿರಲಿಲ್ಲ, ಹಿಂದಿನ ಗಾಲಿ ಪಂಚರ್. ಎಲ್ಲರೂ ಗೊಣಗಿದರು. ಮುಂದಿನ ಸೀಟಿನ ಬಿಳಿ ಅಂಗಿಯವನೊಬ್ಬ ಹಿಂದೆ ತಿರುಗಿ ಗಟ್ಟಿಯಾಗಿ, "ಗದ್ವಾಲದಿಂದ ಚಂದ ಬಂದಿತ್ತು. ಈ ಮುದುಕಿ ಪೊರಕಿ ತೊಗೊಂಡು ಹತ್ತಿದ್ಲು ನೋಡ್ರಿ, ಕುಂತಬಿಡ್ತು," ಎಂದ. ನಾಲ್ಕು ಜನ ನಕ್ಕರು. ಮುದುಕಿ ಹೊರೆಯನ್ನು ಕಾಲಿನ ಸಂದಿಗೆ ಎಳೆದುಕೊಂಡು ನೆಲ ನೋಡತೊಡಗಿದಳು.

ನಾನು ಎದ್ದು ನಿಂತಿದ್ದೆ.

"ಆಕಿ ಅಲ್ರಿ. ನಾನು. ನಾ ಕುಂತ ಗಾಡಿ ನಿಲ್ತಾವ. ಬೇಕಾದ್ರ ನಾರಾಯಣಪೇಟಿಗಿ ಬಂದು ಯಾರ್ನಾರ ಕೇಳ್ರಿ."

ನಲವತ್ತು ಮಂದಿ ನನ್ನನ್ನು ನೋಡಿದರು. ಬಿಳಿ ಅಂಗಿಯವನ ಬಾಯಿ ತೆರೆದೇ ಇತ್ತು. ನಾನು ಹಾಗೆಯೇ ನಿಂತಿದ್ದೆ. ಆಗ ಯಾರೋ ನನ್ನ ಅಂಗಿಯ ತುದಿ ಹಿಡಿದು ಎಳೆದರು. ಗಂಗಾಂಬಿಕಾ ಕಿಟಕಿಯಿಂದ ತಲೆ ಹೊರಗೆ ಹಾಕಿ ಗಾಲಿ ನೋಡಿ, ಆಗ ತಾನೇ ಒಳಗೆ ತಿರುಗಿದ್ದಳು. ಬಸ್ಸಿಗೆಲ್ಲ ಕೇಳುವಂತೆ ಹೇಳಿದಳು:

"ಹಂಗೇನಿಲ್ಲ, ಸುಮ್ನ ಕೂಡ್ರಿ ನೀವು. ಮೊಳಿ ನಟ್ಟೈತಿ."